ಕಯಾಕ್ ಮಗುಚಿದ್ದು ನಾನೇ

ನವೆಂಬರ್ 18, ಬೆಳಿಗ್ಗೆ 6.10
ಚಟ್ನಿ ರುಬ್ಬಿ ಆಯಿತು. ಹೋಟೆಲಿನ ಶಟರ್ ಎತ್ತಿದ್ದೂ ಆಯಿತು. ವಡೋದರಾದ ಗೋರ್ವಾ ಫ್ಯಾಕ್ಟರಿ ಶಿಫ್ಟಿನವರು ಹೊರಗೆ ಕಾಯುತ್ತಿದ್ದಾರೆ. ಅಪ್ಪ ಮೊದಲ ಕಾಫಿಯನ್ನು ತಾವೇ ಕುಡಿದು ನೋಡದೆ ಯಾರಿಗೂ ಕೊಡುವುದಿಲ್ಲ.

ಫಾರ್ಮ್ ಐದನೇ ದಿನವೂ ಡ್ರಾಯರಿನಲ್ಲೇ. ಮಹಿ ನದಿ ದಡದ ರಿವರ್ ಪಾರ್ಕಿನಲ್ಲಿ ಮೂರು ತಿಂಗಳ ಟ್ರೇನಿಂಗ್ — ಕಯಾಕ್ ದೋಣಿ ನಡೆಸುವುದು, ಹೈಕಿಂಗ್‌ಗೆ ಕರೆದೊಯ್ಯುವುದು, ಕ್ಯಾಂಪಿನ ಕೆಲಸ. ಅಲ್ಲೇ ಇರಬೇಕು. ನನಗೆ ಹದಿನೇಳು. ಅಪ್ಪನ ಸಹಿ ಇಲ್ಲದೆ ಸೇರಿಸಿಕೊಳ್ಳುವುದಿಲ್ಲ.

"ಶಾಲೆ ಬೇಡ ಅಂದಿ, ಹೂಂ ಅಂದೆ. ನಾಳೆ ಇದೂ ಬೇಡ ಅಂತೀಯೋ ಎಂತದೋ ಮಾರಾಯ್ತಿ."

"ಗೊತ್ತಿಲ್ಲ ಅಪ್ಪ."

ಇಲ್ಲ ಅನ್ನಬಹುದಿತ್ತು. ಆದರೆ ಗೊತ್ತಿಲ್ಲ, ಅದೇ ನಿಜ. ಹನ್ನೊಂದನೇ ಕ್ಲಾಸನ್ನೂ ಹೀಗೇ ಬಿಟ್ಟೆ. ಫೇಲ್ ಆಗಿರಲಿಲ್ಲ, ಯಾರ ಮೇಲೂ ಸಿಟ್ಟಿರಲಿಲ್ಲ. ಕೂತಿರಲು ಆಗಲಿಲ್ಲ, ಅಷ್ಟೇ.

ನವೆಂಬರ್ 19
ಭಾನುವಾರದ್ದು ಬರೆಯದೆ ಬಿಟ್ಟಿದ್ದೆ. ಈಗ ಬರೆಯುತ್ತೇನೆ.

ಪಾರ್ಕಿಗೆ ಹೆಲ್ಪಿಗೆ ಹೋಗಿದ್ದೆ. ಅಹಮದಾಬಾದಿನಿಂದ ಬಂದ ಒಬ್ಬ ಆಂಟಿ, ನನ್ನ ಜೊತೆ ಡಬಲ್ ಕಯಾಕಿನಲ್ಲಿ. ಪಾರ್ಕ್ ನಡೆಸುವ ಹೇತಲ್‌ಬೆನ್, ಗಾಳಿ ಇದೆ, ದಡದ ಹತ್ತಿರವೇ ಇರು ಎಂದಿದ್ದರು. ನಾನು ನಡುವಿಗೆ ಹೋದೆ. ಜಂಬಕ್ಕೆ. ತಿರುಗಿಸುವಾಗ ಗಾಳಿ ಅಡ್ಡ ಬಡಿಯಿತು. ಮಗುಚಿತು. ಲೈಫ್ ಜಾಕೆಟ್ ಇತ್ತು, ಆದರೂ ಆಂಟಿ ನೀರು ಕುಡಿದರು, ಅತ್ತರು. ಹೇತಲ್‌ಬೆನ್ ಬರುವವರೆಗೆ ಅವರನ್ನು ಹಿಡಿದುಕೊಂಡೇ ಇದ್ದೆ.

ಹೇತಲ್‌ಬೆನ್ ಅರ್ಧ ಗಂಟೆ ಬೈದರು. ಆಮೇಲೆ ಚಹಾ ಕೊಟ್ಟರು. ಸೀಟು ಇನ್ನೂ ನನ್ನದೇ ಅಂತೆ. "ಪಪ್ಪಾನೇ ಪಛೀ ಕಹೇಜೇ, ಬೇಟಾ. ಪಹೇಲಾ ಸಹೀ." ಅಪ್ಪನಿಗೆ ಆಮೇಲೆ ಹೇಳಬೇಕು, ಮೊದಲು ಸಹಿ.

ಸಹಿ ಮಾಡುವವರಿಗೆ ಗೊತ್ತಿರಬೇಡವೇ, ಯಾವುದಕ್ಕೆ ಎಂದು?

ನವೆಂಬರ್ 22
ಹೇಳಲಿಲ್ಲ.

ನವೆಂಬರ್ 24, ಮಧ್ಯಾಹ್ನ
ಹೇಳಿದೆ. ಅಪ್ಪ ದೋಸೆ ಕಾವಲಿಯ ಮುಂದೆ ಇದ್ದರು. ಎಲ್ಲ ಹೇಳಿದೆ, ಜಂಬದ್ದನ್ನೂ. ದೋಸೆ ಸೀದಿತು. ಅಪ್ಪನ ಕೈಯಲ್ಲಿ ದೋಸೆ ಸೀದದ್ದನ್ನು ನಾನು ನೋಡಿಯೇ ಇರಲಿಲ್ಲ.

"ಆ ಹೆಂಗಸಿಗೆ ಎಂತಾದ್ರೂ ಆಗಿದ್ರೆ?"

"ನನ್ನಿಂದಲೇ ಆಗ್ತಿತ್ತು."

ಒಳಗಿನಿಂದ ಅಮ್ಮ: "ಆ ಫಾರ್ಮ್ ಹರಿದು ಬಿಸಾಡಿ ನೀವು!"

ಅಪ್ಪ ಹರಿಯಲಿಲ್ಲ. ಸಂಜೆ ಬೋರ್ಡಿನಲ್ಲಿ ಬರೆದರು: ಶನಿವಾರ, ಭಾನುವಾರ ಹೋಟೆಲ್ ಬಂದ್. ಯಾರು ತೀರಿಕೊಂಡರು ಎಂದು ಗಿರಾಕಿಗಳು ವಿಚಾರಿಸಿದರು.

ನವೆಂಬರ್ 29, ಸಂಜೆ 5.30, ರಿವರ್ ಪಾರ್ಕ್
ಬಂದಿದ್ದೇವೆ. ಅಪ್ಪ ಕಾರಿನಿಂದ ಮೊದಲು ಇಳಿಸಿದ್ದು ಇಡ್ಲಿ ಹಿಟ್ಟಿನ ಪಾತ್ರೆ. ಮಧ್ಯಾಹ್ನ ಮಣ್ಣಿನ ಕೊರಕಲುಗಳಲ್ಲಿ ಇಬ್ಬರನ್ನೂ ನಡೆಸಿದೆ. ಅಮ್ಮ ಪ್ರತಿ ತಿರುವಿನಲ್ಲೂ, "ಮೊಸಳೆ ಉಂಟಾ?" ಊರ ನದಿಯಲ್ಲೇ ಮೊಸಳೆಗಳಿರುವ ವಡೋದರಾದವರು ಕೇಳಲೇಬೇಕಾದ ಪ್ರಶ್ನೆ. ಕಲಿಯುವವರಿಗೆಂದು, ಮೊಸಳೆ ಬಾರದಂತೆ ನೀರಿನಲ್ಲಿ ಬಲೆ ಕಟ್ಟಿದ ಜಾಗ ತೋರಿಸಿದೆ.

ಅಪ್ಪ ಆ ನೀರನ್ನು ನೋಡುತ್ತಾ ನಿಂತರು. ಅಂಗಿ ಬಿಚ್ಚಿ, ಮಡಚಿ, ಅಮ್ಮನ ಕೈಗೆ ಕೊಟ್ಟರು. ಬನಿಯನ್ ಮೇಲೆ ಜಾಕೆಟ್.

"ಹತ್ತಿಸು ನನ್ನನ್ನು."

ಕೂರಿಸಿದೆ. ಬಲೆಯ ನಡುವಿಗೆ ಬಂದಾಗ, ಹಿಂದೆ ತಿರುಗದೆ —

"ಈಗ ಮಗುಚು."

"ಅಪ್ಪಾ, ನಿಮಗೆ ಈಜು ಬರುದಿಲ್ಲ!"

"ಆ ಹೆಂಗಸಿಗೆ ಬರ್ತಿತ್ತಾ?"

ಹೇತಲ್‌ಬೆನ್ ಪಕ್ಕದ ಕಯಾಕಿನಲ್ಲಿದ್ದರು. ನೋಡಿದೆ. ಹೂಂ ಎಂದು ತಲೆಯಾಡಿಸಿದರು. ದಡದಿಂದ ಅಮ್ಮ: "ಓ ಇವ್ರೇ, ಮಂಡೆ ಸಮ ಉಂಟಾ ನಿಮ್ಗೆ?"

ಮಗುಚಿದೆ.

ತಣ್ಣೀರು. ಅಪ್ಪನ ಬಾಯಿ ತೆರೆದಿತ್ತು, ಕಣ್ಣು ಮುಚ್ಚಿತ್ತು. ಜಾಕೆಟಿನ ಭುಜ ಹಿಡಿದೆ. ಮುಖ ಮೇಲೆ ಅಪ್ಪ, ಕಾಲು ಸಡಿಲ ಬಿಡಿ, ನನ್ನನ್ನು ನೋಡಿ, ಎಂದೆ. ನೋಡಿದರು. ಒಂದು ಕೈಯಲ್ಲಿ ಅಪ್ಪ, ಇನ್ನೊಂದರಲ್ಲಿ ಕಯಾಕ್. ಎರಡನ್ನೂ ಬಿಡಲಿಲ್ಲ.

ದಡದಲ್ಲಿ ಕೆಮ್ಮಿ ಮುಗಿದ ಮೇಲೆ ಕೇಳಿದರು.

"ಹೆದರಿಕೆ ಆಯ್ತಾ?"

"ತುಂಬಾ."

"ನನಗೂ. ಪೆನ್ನು ಕೊಡು."

ಫಾರ್ಮ್ ಅಮ್ಮನ ಕೈಯಲ್ಲಿದ್ದ ಅಂಗಿಯ ಜೇಬಿನಲ್ಲೇ ಇತ್ತು. ಒದ್ದೆ ಕೈ. ಶಾಯಿ ಹರಡಿತು. ಬೇರೆ ಫಾರ್ಮ್ ಕೊಡುತ್ತೇನೆ ಎಂದರು ಹೇತಲ್‌ಬೆನ್. ಇದೇ ಇರಲಿ ಎಂದರು ಅಪ್ಪ.

ನವೆಂಬರ್ 30, ಬೆಳಿಗ್ಗೆ 6.45
ಚಳಿಗೆ ಹಿಟ್ಟು ಉಬ್ಬಲಿಕ್ಕಿಲ್ಲ ಎಂದು ಅಪ್ಪ ಪಾತ್ರೆಯನ್ನು ತಮ್ಮ ಸ್ಲೀಪಿಂಗ್ ಬ್ಯಾಗಿನೊಳಗೆ ಮಲಗಿಸಿ, ತಾವು ಶಾಲು ಹೊದ್ದು ಮಲಗಿದ್ದರು. ಬ್ಯಾಗ್ ಒಳ್ಳೆಯ ಕಂಪನಿಯದು. ಹಿಟ್ಟು ಉಕ್ಕಿ ಜಿಪ್‌ವರೆಗೆ ಬಂದಿದೆ. ಅಮ್ಮ ಬಳಿಯುತ್ತಾ ಬೈಯುತ್ತಾ ನಗುತ್ತಿದ್ದಾರೆ. ಉಳಿದದ್ದರಲ್ಲೇ ಇಡೀ ಕ್ಯಾಂಪಿಗೆ ಇಡ್ಲಿ ಆದೀತು.

ಅಪ್ಪ ಟೆಂಟಿನಲ್ಲಿಲ್ಲ.

ನೀರಿನ ಕಡೆಯಿಂದ ಹೇತಲ್‌ಬೆನ್ ನಗು. ಬಲೆಯೊಳಗೆ ಅವರ ಕಯಾಕಿನ ಪಕ್ಕ ಇನ್ನೊಂದು, ಇದ್ದಲ್ಲೇ ಸುತ್ತುತ್ತಿದೆ. ಪ್ಯಾಡಲ್ ಉಲ್ಟಾ. ಅಪ್ಪ ಕರೆಯುತ್ತಿದ್ದಾರೆ.

"ಅರ್ಚಿತಾ! ಇದು ನೆಟ್ಟಗೆ ಹೋಗುದು ಹೇಗೆ ಮಾರಾಯ್ತಿ?"

ಹೋಗಬೇಕು. ಮೊದಲು ಅವರ ಎಡಗೈಯನ್ನು ಸ್ವಲ್ಪ —