ಎರಡನೆಯ ತೂತು

ಜನರಲ್ ಸಾಂತೋಸ್
ಮಾರ್ಚ್ 9

ಪ್ರೀತಿಯ ಮರಿಬೆಲ್,

ಒಂದೇ ಸಾಲಿನ ನಿನ್ನ ಕಾಗದ ಬಂದು ಹನ್ನೊಂದು ದಿನವಾಯಿತು. ಅಪ್ಪ ನಿಜವಾಗಿಯೂ ಮೋಸ ಮಾಡಿದರಾ, ಪಕ್ಕದಲ್ಲಿ ನಿಂತಿದ್ದವಳು ನೀನೊಬ್ಬಳೇ, ಹೇಳು ಎಂದಿದ್ದೀಯ. ನೀವೆಲ್ಲ ಜಾಂಬೊವಾಂಗಾಕ್ಕೆ ಹೋದ ಮೇಲೆ ನೀನು ಅವರ ಹತ್ತಿರ ಮಾತೇ ಬಿಟ್ಟಿದ್ದೀಯಂತೆ. ತಟ್ಟೆ ಎತ್ತಿಕೊಂಡು ಹಿತ್ತಲಿಗೆ ಹೋಗಿ ಉಣ್ಣುತ್ತೀಯಂತೆ. ನಿನ್ನ ಅತ್ತೆ ಮಾರುಕಟ್ಟೆಯಲ್ಲಿ ಸಿಕ್ಕಾಗ ಹೇಳಿದರು.

ಮೊದಲಿನಿಂದಲೇ ಬರೆಯುತ್ತೇನೆ. ಹನ್ನೆರಡನೆಯ ತರಗತಿಯವರೆಲ್ಲ ಹತ್ತು ದಿನ ಒಬ್ಬರ ಬೆನ್ನ ಹಿಂದೆ ನಿಂತು ಅವರ ಕೆಲಸ ನೋಡಬೇಕೆಂದು ಶಾಲೆಯಲ್ಲಿ ಹೇಳಿದಾಗ ನೀನು ಆಸ್ಪತ್ರೆ ಆರಿಸಿಕೊಂಡೆ. ನಾನು ಮೀನಿನ ಬಂದರನ್ನೇ ಆರಿಸಿಕೊಂಡೆ. ಜೀಪ್ನಿ ನಿಲ್ದಾಣದಲ್ಲಿ ಕಾರ್ಮಿಕ ಸಂಘದವರು ಹಂಚುವ ಕರಪತ್ರಗಳನ್ನು ನಾನು ಹಾಸಿಗೆಯ ಕೆಳಗೆ ಕೂಡಿಟ್ಟಿದ್ದು ನಿನಗೆ ಗೊತ್ತಲ್ಲ. 'ಹಿಡಿದವನ ಮೀನಿಗೆ ಹಿಡಿಯದವನು ದರ್ಜೆ ಕೊಡುತ್ತಾನೆ' ಎಂಬ ಸಾಲಿನ ಕೆಳಗೆ ಎರಡು ಗೆರೆ ಎಳೆದಿದ್ದೆ. ಹಾಗೆ ದರ್ಜೆ ಕೊಡುವವರು ನಿನ್ನ ಅಪ್ಪ. ಅವರನ್ನು ಒಪ್ಪಿಸಿ ನನಗೆ ಜಾಗ ಕೊಡಿಸಿದವಳು ನೀನು.

ನಿನ್ನ ಅಪ್ಪ, ನಾನು ಮಾವನೆಂದು ಕರೆಯುವ ತಿಯೋ ಇಸ್ಕೋ, ತಮ್ಮ ಹಳೆಯ ಬಿಳಿ ರಬ್ಬರ್ ಬೂಟಿನೊಳಗೆ ಬಟ್ಟೆ ತುರುಕಿ ನನಗೆ ಕೊಟ್ಟರು. ಟೊಳ್ಳು ಸರಳನ್ನು ಟ್ಯೂನಾದ ರೆಕ್ಕೆಯ ಕೆಳಗೆ ಚುಚ್ಚಿ, ಮಾಂಸದ ಸಣ್ಣ ಎಳೆ ತೆಗೆದು, ಬೆರಳಲ್ಲಿ ಉಜ್ಜಿ, ಮೂಸಿ, ನಾಲಿಗೆಗಿಟ್ಟು ಉಗಿಯುತ್ತಿದ್ದರು. ಎಳೆ ಕೆಂಪಗಿದ್ದರೆ 'ಎ', ಅಂದರೆ ಜಪಾನಿಗೆ; ಬಿಳಿಚಿದ್ದರೆ 'ಸಿ', ಅಂದರೆ ಡಬ್ಬಿ ಮೀನಿನ ಕಾರ್ಖಾನೆಗೆ.

"ಒಂದು ಮೀನಿಗೆ ಒಂದೇ ತೂತು, ವೆಂಗ್. ಎರಡನೇದು ಬಿತ್ತು ಅಂದ್ರೆ ಯಾರಿಗೋ ಅನುಮಾನ ಬಂದಿದೆ ಅಂತ. ಆಮೇಲೆ ಅದನ್ನ ಯಾರೂ ಮುಟ್ಟಲ್ಲ," ಎಂದು ನನಗೆ ಕಲಿಸಿದರು.

"ನಿಮಗೆ ಯಾರು ದರ್ಜೆ ಕೊಟ್ಟಿದ್ದು ತಿಯೋ?" ಎಂದು ಕೆಣಕಿದೆ.

"ನನ್ನ ಹೆಂಡ್ತಿ. ಮದ್ವೆ ದಿನಾನೇ ಸಿ ಕೊಟ್ಟುಬಿಟ್ಳು."

ಎಂಟನೆಯ ದಿನ ಮುದುಕ ನೊಂಗ್ ಬಾಲ್ದೋ ಬಂದ. ಪುಟ್ಟ ದೋಣಿಯಲ್ಲಿ ಒಬ್ಬನೇ, ಕೈಗಾಳದಲ್ಲಿ ನಾಲ್ಕು ಗಂಟೆ ಸೆಣಸಿ ಹಿಡಿದ ಎಪ್ಪತ್ತು ಕಿಲೋ ಮೀನು. ದಾರ ಕೊಯ್ದು ಅವನ ಅಂಗೈ ಬಾಯಿಬಿಟ್ಟಿತ್ತು. ನಿನ್ನ ಅಪ್ಪ ಚುಚ್ಚಿ ನೋಡಿ 'ಸಿ' ಎಂದರು.

"ಅದರ ಕಣ್ಣು ನೋಡೋ ಇಸ್ಕೋ! ನಿನ್ನೆ ಹಿಡಿದಿದ್ದು ಕಣೋ!"

"ಮೀನು ಹಳೇದಲ್ಲ ನೊಂಗ್. ಒಳಗೆ ಬೆಂದುಬಿಟ್ಟಿದೆ. ತುಂಬಾ ಹೊತ್ತು ಒದ್ದಾಡ್ಸಿದ್ದೀರಿ, ಅದರ ಮೈ ಕಾದು ಮಾಂಸ ಕೆಟ್ಟಿದೆ."

"ನಾನು ಒದ್ದಾಡ್ಸಿದ್ನಾ? ಅದು ನನ್ನನ್ನ ಒದ್ದಾಡ್ಸಿದ್ದು!"

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ, ಆ ಅಂಗೈಯೇ ಕಾಣುತ್ತಿತ್ತು. ಮೇಜಿನ ಮೇಲಿದ್ದ ಇನ್ನೊಂದು ಸರಳನ್ನು ಎತ್ತಿ ಮೀನಿನ ಮತ್ತೊಂದು ಪಕ್ಕಕ್ಕೆ ಚುಚ್ಚಿದೆ. ಎಳೆ ತೆಗೆದು ಬಾಯಿಗೆ ಹಾಕಿಕೊಂಡೆ. "ಉಗಿ ಮಗಳೇ, ನುಂಗ್ಬೇಡ" ಎಂದರು ನಿನ್ನ ಅಪ್ಪ. ನುಂಗಿದೆ. "ಕೆಂಪಗಿದೆ! ಇದು ಎ!" ಎಂದು ಕೂಗಿದೆ.

"ನಮ್ಮ ಮೀನಿಗೂ ಇದೇ ಮಾಡ್ತಿದ್ಯೇನೋ ಇಷ್ಟು ವರ್ಷ?" ಎಂದು ಬೆಸ್ತರು ಅವರನ್ನು ಸುತ್ತುವರಿದರು. ಎರಡು ದಿನ ಆ ಕಟ್ಟೆಯಲ್ಲಿ ಒಂದು ದೋಣಿಯೂ ಮೀನು ಇಳಿಸಲಿಲ್ಲ. ಮೂರನೆಯ ದಿನ ಮಾಲೀಕ ನಿನ್ನ ಅಪ್ಪನನ್ನು ಕೆಲಸದಿಂದ ತೆಗೆದ. ಶಾಲೆಗೆ ಬರೆದುಕೊಟ್ಟ ವರದಿಯಲ್ಲಿ ಇದನ್ನೆಲ್ಲ 'ಮೋಸ' ಎಂದು ಬರೆದೆ. ಮೊದಲ ಬಹುಮಾನ ಬಂತು, ಸಭೆಯಲ್ಲಿ ಓದಿಸಿದರು. ಮೂರನೆಯ ಸಾಲಿನಲ್ಲಿ ಕೂತಿದ್ದ ನೀನು ತಲೆ ಎತ್ತಲಿಲ್ಲ.

ನನ್ನ ತಪ್ಪನ್ನು ಒಪ್ಪಿಕೊಳ್ಳುತ್ತೇನೆ. ಎರಡನೆಯ ತೂತು ಬಿದ್ದ ಆ ಮೀನನ್ನು 'ಸಿ' ಬೆಲೆಗೂ ಯಾರೂ ಕೊಳ್ಳಲಿಲ್ಲ. ಮುದುಕ ಅದನ್ನು ತುಂಡು ಮಾಡಿ ಬೀದಿಯಲ್ಲಿ ಮಾರಿದ. ಆದರೂ ಕಂಡಾಗಲೆಲ್ಲ "ನಮ್ಮ ವಕೀಲಮ್ಮ ಬಂದ್ಲು" ಎಂದು ಟೋಪಿ ತೆಗೆಯುತ್ತಾನೆ. ಆದರೆ ಮರಿಬೆಲ್, ಇದನ್ನು ಒಬ್ಬ ಮನುಷ್ಯನ ವಿಷಯವಾಗಿ ನೋಡಬೇಡ. ನಿನ್ನ ಅಪ್ಪ ಒಳ್ಳೆಯವರೇ ಇರಬಹುದು. ಬೇರೆಯವರ ದುಡಿಮೆಗೆ ದರ್ಜೆ ಕೊಡುವ ಸರಳು ಯಾರ ಕೈಯಲ್ಲಿದ್ದರೂ ಅನ್ಯಾಯವೇ. ಅದನ್ನು ನಾನು ಈಗಲೂ ನಂಬುತ್ತೇನೆ.

ನಿನ್ನ ಗೆಳತಿ,
ರೊವೇನಾ (ವೆಂಗ್)

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಹರಿದೆ. ನೀನು ಕೇಳಿದ್ದಕ್ಕೆ ಮೇಲೆ ಎಲ್ಲೂ ಉತ್ತರವಿಲ್ಲ. ಆ ಎಳೆ ಕೆಂಪಗಿರಲಿಲ್ಲ. ಬೇಯಿಸಿದ ಕೋಳಿಯ ಹಾಗೆ ಬಿಳಿಚಿಕೊಂಡಿತ್ತು, ನಾಲಿಗೆಗೆ ಹುಳಿ. ಬೇರೆ ಯಾರೂ ನೋಡಬಾರದೆಂದು ನುಂಗಿದೆ. ನಿನ್ನ ಅಪ್ಪ ನೋಡಿದ್ದರು. ಅಷ್ಟು ಜನ ಮೈಮೇಲೆ ಬಂದಾಗಲೂ ಈ ಹುಡುಗಿ ಸುಳ್ಳು ಹೇಳುತ್ತಿದ್ದಾಳೆ ಎನ್ನಲಿಲ್ಲ. ಕಾಗದವನ್ನು ಅವರಿಗೆ ಓದಿಹೇಳು, ಇವತ್ತು ತಟ್ಟೆ ಹಿಡಿದು ಒಳಗೆ ಹೋಗು. ಅಂದು ಸಂಜೆ ನನ್ನ ಹಾಜರಿ ಹಾಳೆಗೆ ಸಹಿ ಹಾಕುತ್ತ ಅವರು ಕೇಳಿದ್ದು ಒಂದೇ ಮಾತು: "ಹೊಟ್ಟೆ ನೋಯ್ತಿಲ್ಲ ತಾನೆ, ಮಗಳೇ?"