ದೊರೆಯ ಮೊಮ್ಮಗಳು

ಅಮ್ಮಾ,

ನೀನು ಹೋದಮೇಲೆ ನಮ್ಮಲ್ಲಿ ನಡೆದ ಮೊದಲ ಮದುವೆ, ಅಕ್ಕನ ಮಗಳು ಸುಪ್ರಿಯಾಳದು, ನಿನ್ನೆ ಮುಗಿಯಿತು. ಹುಟ್ಟಿನಿಂದಲೇ ಬಣ್ಣವಿಲ್ಲದ ನನ್ನ ಚರ್ಮ, ಕೂದಲು ನೋಡಿದ ಗಂಡಿನ ಅಜ್ಜ, ನಾನು ಅವರ ಕಾಫಿ ಎಸ್ಟೇಟಿನ ಹಳೇ ಬಿಳಿ ದೊರೆಯ ಮೊಮ್ಮಗಳೆಂದು ತೀರ್ಮಾನಿಸಿಬಿಟ್ಟರು.

“ನಿಮ್ಮಜ್ಜ ನೆಟ್ಟ ಸಿಲ್ವರ್ ಮರ ಹಾಗೇ ಇದಾವೆ ಮೇಡಂ,” ಎಂದು ಕೈಮುಗಿದು ನನ್ನನ್ನು ಫೋಟೋದ ನಡುವೆ ನಿಲ್ಲಿಸಿದರು. ಊಟಕ್ಕೆ ಚಮಚ, ಖಾರವಿಲ್ಲದ ಸಾರು ತರಿಸಿದರು.

“ನಮ್ಮಜ್ಜಂದು ವಸ್ತಾರೆ ಪೇಟೇಲಿ ಬಟ್ಟೆ ಅಂಗಡಿ. ನಾನು ಹುಡುಗಿ ಚಿಕ್ಕಮ್ಮ. ಉಪ್ಪಿನಕಾಯಿ ಹಾಕ್ಸಿ ಮಾರಾಯ್ರೆ,” ಎಂದೆ. ಅಕ್ಕ ನಗು ತಡೆಯಲಾಗದೆ ಬಾಯಿಗೆ ಸೆರಗೊತ್ತಿಕೊಂಡು ಓಡಿದಳು.

ಅಕ್ಕನ ಮದುವೆಯಲ್ಲಿ ಗಂಡಿನ ಕಡೆಯವರ ಕಣ್ಣಿಗೆ ಬೀಳದಂತೆ ನನ್ನನ್ನು ಉಗ್ರಾಣದಲ್ಲಿ ಕೂರಿಸಿ, ಮತ್ತೆ ಮತ್ತೆ ಬಾಗಿಲು ತೆರೆದು ಲಾಡು ಕೊಟ್ಟಿದ್ದೆಯಲ್ಲ. ನಿನ್ನೆ ಎಲ್ಲರೆದುರು ಪಂಕ್ತಿಯಲ್ಲಿ ಕೂತು ಲಾಡು ತಿಂದೆ. ಬಾಗಿಲ ಕಡೆ ಮಾತ್ರ ಆಗಾಗ ನೋಡುತ್ತಿದ್ದೆ.