ಆನೆಗಳಿಗೆ ಹೇಳದೆ ಉಳಿದ ಸಾವು

ಈ ಕಥೆಯನ್ನು ಮೊದಲು ಹೇಳಿದವಳು ಕಿವಿಬಳ್ಳಿಯ ದುಂಡಮ್ಮ. ಎರಡು ಸಾವಿರದ ಮುನ್ನೂರ ಹನ್ನೊಂದನೆಯ ಇಸವಿಯ ಹದಿಮೂರನೆಯ ತಿಂಗಳಲ್ಲಿ, ರಾಗಿ ಬಡಿದು ಮುಗಿಸಿದ ಕಣದಲ್ಲಿ. ಹದಿಮೂರನೆಯ ತಿಂಗಳೆಂದರೆ ನಗಬೇಡಿ. ಮಳೆಗಾಲ ಜರುಗಿ ಜರುಗಿ ನಮಗೊಂದು ತಿಂಗಳು ಹೆಚ್ಚಿಗೆ ಬೇಕಾಯಿತು. ನನ್ನ ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಮನ್ನಿಸಿ, ಮುನ್ನೂರು ವರ್ಷ ಹಿಂದಿನ ಹಿರಿಯರೇ.

ಆನೆಗಳು ಒಂದನ್ನೊಂದು ಹೆಸರು ಹಿಡಿದು ಕರೆಯುತ್ತವೆ ಎಂಬ ಸುದ್ದಿ ನಿಮ್ಮ ಕಾಲದ ಪತ್ರಿಕೆಗಳಲ್ಲಿ ಬಂದಿತ್ತಂತೆ. ಕಾಫಿ ಕುಡಿಯುತ್ತ ಓದಿ, "ಹಾಗಾದರೆ ಅಡ್ಡಹೆಸರೂ ಇರಬೇಕು" ಎಂದು ನಕ್ಕು ಪುಟ ತಿರುಗಿಸಿರುತ್ತೀರಿ. ಇವೆ. ನಮ್ಮ ಹಿಂಡಿನ ತುಂಟ ಮರಿಯೊಂದರ ಹೆಸರು ಹಸಿದ ಹೊಟ್ಟೆ ಗುಡುಗಿದಂತೆ ಕೇಳುತ್ತದೆ. ಅದರ ಸ್ವಭಾವವೂ ಹಾಗೆಯೇ. ಕಿವಿಬಳ್ಳಿ ಎಂದರೆ ಹೊಲದ ಬದುವಿನುದ್ದಕ್ಕೂ ಮಣ್ಣಲ್ಲಿ ಹಬ್ಬಿಸಿದ ತಂತಿ. ನಮ್ಮ ಕಿವಿಗೆ ನಿಲುಕದ ಆನೆಮಾತನ್ನು ಅದು ಹಿಡಿದು ಕೊಡುತ್ತದೆ. ಅದನ್ನು ನೋಡಿಕೊಳ್ಳುವುದು ದುಂಡಮ್ಮನ ಕೆಲಸ.

ಆ ವರ್ಷ ಹೊಲದ ಅಟ್ಟಣೆಯ ಮೇಲೆ ಕೂತು ಪೈರು ಕಾಯುತ್ತಿದ್ದ ರಾಚಯ್ಯ ತೀರಿಕೊಂಡ. ಬದುಕಿದ್ದಾಗ ಅವನು ಸಂಜೆ "ಹೋ... ತಿರುಗ್ರವ್ವಾ!" ಎಂದು ಕೂಗಿದರೆ ಸಾಕು, ಹಿಂಡು ಕಾಡಿಗೆ ಮರಳುತ್ತಿತ್ತು. ಅವನು ಹೋದ ಮೇಲೆ ಆನೆಗಳು ಪ್ರತಿ ಸಂಜೆ ಹೊಲದಂಚಿಗೆ ಬಂದು, ರಾಗಿಯನ್ನು ಮುಟ್ಟದೆ, ಹಿಂದಕ್ಕೂ ಹೋಗದೆ, ಒಂದೇ ಹೆಸರನ್ನು ಕರೆಯುತ್ತ ನಿಂತವು. ಹಿಂಡಿನಲ್ಲಿ ಆ ಹೆಸರಿನ ಆನೆಯೇ ಇರಲಿಲ್ಲ. ದುಂಡಮ್ಮ ಬಳ್ಳಿ ಹಿಡಿದಿಟ್ಟ ಹಳೆಯ ಸದ್ದುಗಳನ್ನು ಕೇಳಿದಳು. ಆ ಕರೆ ಬಂದಾಗಲೆಲ್ಲ ಅದರ ಬೆನ್ನಿಗೇ ರಾಚಯ್ಯನ ಕೂಗಿತ್ತು. ಅದು ಅವು ಅವನಿಗಿಟ್ಟ ಹೆಸರು.

ಇಡೀ ಊರಿನ ವರ್ಷದ ಊಟ ಆ ಹೊಲದಲ್ಲಿತ್ತು. ಹಿಂಡು ಒಂದು ಸಂಜೆ ನುಗ್ಗಿದರೆ ಮುಗಿಯಿತು. "ಅವ್ನ ದನಿ ಬಳ್ಳಿಯೊಳ್ಗೇ ಅದಲ್ಲ, ಅದ್ನೇ ಬುಡು ದುಂಡವ್ವ" ಎಂದರು ಊರವರು.

ರಾಚಯ್ಯನ ಹೆಂಡತಿ ಚಿಕ್ಕತಾಯಮ್ಮ ರೇಗಿದಳು. "ಬದ್ಕಿದ್ದಾಗ ನಿದ್ದೆಗೆಟ್ಟು ಕಾದ. ಸತ್ತ ಮ್ಯಾಲೂ ಕಾಯಿಸ್ತೀರೇನ್ರಪ್ಪಾ?"

ಅವಳ ಮಾತನ್ನು ಯಾರೂ ಕೇಳಲಿಲ್ಲ. ಅಟ್ಟಣೆಯ ಮೇಲೊಂದು ಯಂತ್ರವಿಟ್ಟು ರಾಚಯ್ಯನ ದನಿ ಬಿಟ್ಟರು. ಆನೆಗಳು ತಿರುಗಲಿಲ್ಲ, ದನಿ ಬಂದ ಕಡೆಗೇ ಪೈರು ತುಳಿಯುತ್ತ ನಡೆದು ಬಂದವು. ಅಟ್ಟಣೆಯ ಖಾಲಿ ಚಾಪೆಯನ್ನು ಸೊಂಡಿಲಿನಿಂದ ತಡವಿ, ಮತ್ತೆ ಕರೆದವು. ಯಂತ್ರ ಮತ್ತೆ ಓಗೊಟ್ಟಿತು. ಅವು ಮತ್ತೆ ತಡವಿದವು.

"ನಿಲ್ಸವ್ವ ಅದ್ನ!" ಎಂದಳು ಚಿಕ್ಕತಾಯಮ್ಮ. "ನೆಂಟ್ರೂರಿಗೆಲ್ಲ ಆಳು ಕಳ್ಸಿ ಸಾವು ಹೇಳ್ದ್ರಿ. ದಿನಾ ಮಾತಾಡ್ಸೋ ಇವ್ಕೆ ಹೇಳ್ದೋರ್ಯಾರು?"

ಹೊಲಕ್ಕಿಳಿದು, "ಬನ್ರವ್ವಾ" ಎಂದು ಮುಂದೆ ನಡೆದಳು. ಹಿಂಡು ಹಿಂದೆ ನಡೆಯಿತು. ಗಂಡನ ಸಮಾಧಿಯ ಮಣ್ಣಿನ ಮೇಲೆ ಕೈಯಿಟ್ಟು ತೋರಿಸಿದಳು. ಹಿರಿಯ ಹೆಣ್ಣಾನೆ ಅಲ್ಲಿ ಸೊಂಡಿಲಿಟ್ಟು, ಆ ಹೆಸರನ್ನು ಮಣ್ಣಿಗೊಮ್ಮೆ ಹೇಳಿತು. ಆಮೇಲೆ ಬಳ್ಳಿಯಲ್ಲಿ ಅದು ಎಂದೂ ಕೇಳಲಿಲ್ಲ. ಮರುಸಂಜೆ ಹೊಲದಂಚಿನಿಂದ ಬೇರೊಂದು ಹೆಸರು ಬಂತು. ಅಟ್ಟಣೆ ಹತ್ತಿದ್ದ ಚಿಕ್ಕತಾಯಮ್ಮ ಒಡಕು ದನಿಯಲ್ಲಿ "ಹೋ..." ಎಂದಳು. ಹಿಂಡು ಕಾಡಿಗೆ ತಿರುಗಿತು. ತುಳಿತ ತಪ್ಪಿದ ಅರ್ಧ ಪೈರು ಊರಿನ ಪಾಲಿಗೆ ಉಳಿಯಿತು.

ಸತ್ತವರ ದನಿಯಲ್ಲಿ ಮಾತಾಡುವ ಯಂತ್ರಗಳನ್ನೂ ನಿಮ್ಮ ಕಾಲದಲ್ಲೇ ಕಟ್ಟತೊಡಗಿದಿರಂತೆ, ಹಿರಿಯರೇ. ಗುಂಡಿ ಒತ್ತುವ ಮುನ್ನ, ಆ ದನಿಗಾಗಿ ಯಾರು ಕಾದಿದ್ದಾರೆಂದು ಒಮ್ಮೆ ನೋಡಿಕೊಳ್ಳಿ. ನಾನು ಬೇಡುವುದು ಇಷ್ಟೇ.

ದುಂಡಮ್ಮ ಆ ರಾತ್ರಿ ಕಣದಲ್ಲಿ ಕಥೆ ಹೇಳಿ ಮುಗಿಸಿದಳು. ಬೆಳಗಾದ ಮೇಲೆ, ಕೇಳಿದವರು ಒಬ್ಬೊಬ್ಬರಾಗಿ ಕಾಡಂಚಿಗೆ ಹೋಗಿ, ತಮ್ಮ ತಮ್ಮ ಮನೆಯಲ್ಲಿ ತೀರಿಕೊಂಡವರ ಸುದ್ದಿಯನ್ನು ಆನೆಗಳಿಗೆಂದು ಮರಗಳ ಕಡೆಗೆ ಹೇಳಿ, ಹಿಂತಿರುಗಿ ನೋಡದೆ ಬಂದರು.